ವಿಯೆನ್ನಾ ಸಮ್ಮೇಳನಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ ಎಂಬ ಭೂವಿಜ್ಞಾನಿಗಳ ಸಂಘದ ಸಮ್ಮೇಳನಕ್ಕೆ ನಿನ್ನ ಪ್ರಬಂಧ ಆಯ್ಕೆಯಾಯಿತೆಂದು ಕೇಳಿ ತುಂಬಾ ಖುಷಿಯಾಯಿತು. ಬೆಂಗಳೂರಿನಿಂದ ಇದಕ್ಕೆ ಹೋಗುವವರು ಇನ್ನೂ ಇದ್ದಾರೆ, ಅವರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ವಿಯೆನ್ನಾ ತಲುಪಿದ ಮೇಲೆ ಅಂಥ ಕಷ್ಟವೇನಿಲ್ಲ. ತೊಂದರೆಯೆಲ್ಲ ಬರುವುದು ಹೊರಡುವ ಮೊದಲಿನ ಕಾಗದಪತ್ರಗಳಲ್ಲಿ. ಹಾಗಾಗಿ ಮೊದಲು ಅದನ್ನೇ ಬರೆಯುತ್ತೇನೆ.

ಎಲ್ಲಕ್ಕಿಂತ ಮುಂಚೆ ಪಾಸ್‌ಪೋರ್ಟ್ ತೆಗೆದು ನಿನ್ನ ಹೆಸರು ಹೇಗೆ ಅಚ್ಚಾಗಿದೆ ನೋಡು. ನಮ್ಮ ಕಡೆಯ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಊರು, ಅಪ್ಪನ ಹೆಸರು, ಸ್ವಂತ ಹೆಸರು ಎಲ್ಲವೂ ಗಿವನ್ ನೇಮ್ ಸಾಲಿನಲ್ಲೇ ಸೇರಿಕೊಂಡಿರುತ್ತವೆ. ಸಮ್ಮೇಳನದ ನೋಂದಣಿ ಫಾರಂ ಮಾತ್ರ ಎರಡು ಹೆಸರು ಕೇಳುತ್ತದೆ. ಆಗ ಜನ ಇನಿಷಿಯಲ್ ಹಾಕುತ್ತಾರೆ, ಇಲ್ಲವೇ ಪ್ರಬಂಧದಲ್ಲಿ ಬರೆಯುವ ಚಿಕ್ಕ ಹೆಸರು ಕೊಡುತ್ತಾರೆ. ಆಹ್ವಾನಪತ್ರದಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು, ಟಿಕೆಟಿನಲ್ಲಿ ಮತ್ತೊಂದು ಆಗುವುದು ಹೀಗೆ. ವೀಸಾ ಅರ್ಜಿ ನೋಡುವವರಿಗೆ ಇವರೆಲ್ಲ ಒಬ್ಬರೇ ಎಂದು ನಂಬಬೇಕಾದ ಹಂಗಿಲ್ಲ. ಸಂಘಟಕರಿಗೆ ಬರೆದು, ಪಾಸ್‌ಪೋರ್ಟಿನಲ್ಲಿರುವ ಪೂರ್ತಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಸಮ್ಮೇಳನದ ದಿನಾಂಕ ಮತ್ತು ಸ್ಥಳ, ನಿನ್ನ ಪ್ರಬಂಧದ ಶೀರ್ಷಿಕೆ ಇಷ್ಟೂ ಇರುವ ಪತ್ರ ತರಿಸಿಕೊ. ಬ್ಯಾಡ್ಜಿನಲ್ಲಿ ಯಾವ ಹೆಸರಿದ್ದರೂ ನಡೆಯುತ್ತದೆ, ಆಹ್ವಾನಪತ್ರದಲ್ಲಿ ನಡೆಯುವುದಿಲ್ಲ. ಸರ್‌ನೇಮ್ ಇಲ್ಲದವರ ಟಿಕೆಟ್ ಬುಕ್ ಮಾಡುವ ರೀತಿ ಒಂದೊಂದು ವಿಮಾನ ಕಂಪನಿಯಲ್ಲಿ ಒಂದೊಂದು ಥರ. ಕೆಲವರು ಅದೇ ಹೆಸರನ್ನು ಎರಡೂ ಕಡೆ ಹಾಕಿಸುತ್ತಾರೆ, ಕೆಲವರು ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಹಾಕುತ್ತಾರೆ. ದುಡ್ಡು ಕಟ್ಟುವ ಮೊದಲೇ ಕೇಳಿಕೊ.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಕೊಡಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿಯವರೆಗೆ ಯಾರೂ ಕಾಯಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ದಾಖಲೆ ಕೇಳಿದರೆ 45 ದಿನದವರೆಗೂ ಹೋಗಬಹುದು. ಬೇಸಿಗೆ ರಜೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಎರಡೂವರೆ ಮೂರು ತಿಂಗಳು ಮೊದಲೇ ಕೊಟ್ಟುಬಿಡು. ಶುಲ್ಕ ಈಗ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪಿನಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚಿಗೆ, ಇಡೀ ಶೆಂಗೆನ್ ಪ್ರದೇಶಕ್ಕೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಅನ್ವಯಿಸುವಂತೆ, ಇಳಿಯುವ ದಿನದಿಂದ ಹೊರಡುವ ದಿನದವರೆಗೆ ಪೂರ್ತಿ. ಒಂದು ದಿನ ಕಡಿಮೆಯಾದರೂ ವಾಪಸ್ ಕಳಿಸುತ್ತಾರೆ. ಕಳೆದ 59 ತಿಂಗಳೊಳಗೆ ಶೆಂಗೆನ್ ವೀಸಾಕ್ಕೆ ಬೆರಳಚ್ಚು ಕೊಟ್ಟಿದ್ದರೆ ಅದನ್ನೇ ಬಳಸಬಹುದು.

ಸಮ್ಮೇಳನ ಮುಗಿದ ಮೇಲೆ ಬೇರೆ ಊರು ನೋಡುವ ಆಸೆ ಇದ್ದರೆ ಅದನ್ನು ಅರ್ಜಿಯಲ್ಲೇ ತೋರಿಸು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಆಸ್ಟ್ರಿಯಾದಲ್ಲಿ ಐದು ದಿನ ಇದ್ದು ಇಟಲಿಯಲ್ಲಿ ಎಂಟು ದಿನ ಸುತ್ತುವ ಯೋಜನೆ ಕೊಟ್ಟರೆ, ಇಟಲಿಗೆ ಹೋಗು ಎನ್ನಲು ಅವಕಾಶ ಕೊಟ್ಟ ಹಾಗೆ. ಬ್ರಾಟಿಸ್ಲಾವ ರೈಲಿನಲ್ಲಿ ಸುಮಾರು ಒಂದು ಗಂಟೆ. ಬುಡಾಪೆಸ್ಟ್, ಪ್ರಾಗ್ ಕೂಡ ಶೆಂಗೆನ್ ಒಳಗೇ ಇವೆ, ಅದೇ ವೀಸಾದಲ್ಲಿ ಹೋಗಿಬರಬಹುದು. ವೀಸಾ ಕೈಗೆ ಬಂದ ಕೂಡಲೇ ಮೂರು ವಿಷಯ ನೋಡು: ದಿನಾಂಕ, ಇರಬಹುದಾದ ದಿನಗಳ ಸಂಖ್ಯೆ, ಎಷ್ಟು ಸಲ ಪ್ರವೇಶ. ದಿನಾಂಕಗಳ ನಡುವೆ ಮೂವತ್ತು ದಿನ ಕಂಡರೂ ಇರಲು ಕೊಟ್ಟದ್ದು ಹದಿನೈದೇ ದಿನ ಇರಬಹುದು. ಎಣಿಕೆಗೆ ಬರುವುದು ಆ ಹದಿನೈದೇ, ಬಂದ ದಿನ ಹೋಗುವ ದಿನ ಎರಡೂ ಸೇರಿ.

ಬೆಂಗಳೂರಿನಿಂದ ಹೋಗುವಾಗ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸಿದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ, ವಿಯೆನ್ನಾದಲ್ಲಿ ಅಲ್ಲ. ಈಗ ಠಸ್ಸೆಯ ಬದಲು ಮುಖದ ಫೋಟೊ, ಬೆರಳಚ್ಚು ತೆಗೆಯುವ ಹೊಸ ವ್ಯವಸ್ಥೆ ಬಂದಿದೆ (2025ರ ಅಕ್ಟೋಬರ್‌ನಿಂದ ಶುರುವಾದದ್ದು), ಸಾಲು ನಿಧಾನವಾಗಿ ಸಾಗುತ್ತದೆ. ಒಂದು ಗಂಟೆ ಹತ್ತು ನಿಮಿಷದ ಕನೆಕ್ಷನ್ ತೋರಿಸಿದರೆ ಬೇಡ ಅನ್ನು, ಎರಡೂವರೆ ಗಂಟೆಯಾದರೂ ಇರಲಿ. ದುಬೈ ಅಥವಾ ದೋಹಾ ಮೂಲಕ ಹೋದರೆ ಇದೆಲ್ಲ ವಿಯೆನ್ನಾದಲ್ಲೇ. ಆಹ್ವಾನಪತ್ರ, ಹೋಟೆಲ್ ಬುಕಿಂಗ್, ವಿಮೆ, ವಾಪಸ್ ಟಿಕೆಟ್ ಕಾಗದದ ಮೇಲೆ ಕೈಚೀಲದಲ್ಲಿರಲಿ. ಫೋನಿನಲ್ಲಿದೆ ಎಂದು ಸುಮ್ಮನಿರಬೇಡ.

ಅಮ್ಮ ಕಟ್ಟಿಕೊಡುವ ಬುತ್ತಿಯ ವಿಷಯ. ಹೊರಗಿನ ದೇಶಗಳಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪದ ಡಬ್ಬಿ, ಧಾರವಾಡ ಪೇಡ ಬಿಟ್ಟು ಹೋಗು. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದು ಯಾರ ಹತ್ತಿರವೂ ಇರುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿ, ಆದರೆ ಉಪ್ಪಿನಕಾಯಿ ಚೆಕ್‌ಇನ್ ಸೂಟ್‌ಕೇಸಿನಲ್ಲಿ.

ವಿಮಾನ ನಿಲ್ದಾಣದಿಂದ ಊರಿಗೆ ಮೂರು ರೈಲು. ಹಸಿರು ಬಣ್ಣದ ಕ್ಯಾಟ್ (ಸಿಟಿ ಏರ್‌ಪೋರ್ಟ್ ಟ್ರೇನ್) ಎಲ್ಲಿಯೂ ನಿಲ್ಲದೆ 16 ನಿಮಿಷದಲ್ಲಿ ವೀನ್ ಮಿಟ್ಟೆ ನಿಲ್ದಾಣಕ್ಕೆ ಹೋಗುತ್ತದೆ, ಅದಕ್ಕೆ ಬೇರೆಯೇ ಟಿಕೆಟ್, ದುಬಾರಿ. ನಿನಗೆ ಅದು ಬೇಡವೇ ಬೇಡ. ರೈಲ್‌ಜೆಟ್ ಎಂಬ ರೈಲು ಹತ್ತಿಕೊ, ಸಾಧಾರಣ ದರದಲ್ಲೇ ಕಾಲು ಗಂಟೆಯಲ್ಲಿ ಹೌಪ್ಟ್‌ಬಾನ್‌ಹೋಫ್ (ಊರಿನ ಮುಖ್ಯ ರೈಲು ನಿಲ್ದಾಣ) ತಲುಪಿಸುತ್ತದೆ. ಅದೇ ನಿಲ್ದಾಣದ ಕೆಳಗೆ ಕೆಂಪು ಬಣ್ಣದ ಯು1 ಮೆಟ್ರೋ. ಲಿಯೋಪೋಲ್ಡೌ ಎಂದು ಬರೆದ ಕಡೆ ನಿಲ್ಲು. ಒಂಬತ್ತನೇ ನಿಲ್ದಾಣ ಕೈಸರ್‌ಮ್ಯೂಲೆನ್ ವಿಐಸಿ, ಅಲ್ಲೇ ಸಮ್ಮೇಳನದ ಆಸ್ಟ್ರಿಯಾ ಸೆಂಟರ್. ಮೂರನೆಯದು ಎಸ್7 ಲೋಕಲ್, ಪ್ರಾಟರ್‌ಸ್ಟರ್ನ್‌ನಲ್ಲಿ ಇಳಿದು ಯು1 ಹಿಡಿಯಬಹುದು. ಆ ಮಾರ್ಗದಲ್ಲಿ ಹಳಿ ಕೆಲಸ ಆಗಾಗ ನಡೆಯುವುದರಿಂದ ಎಂದಿನ ದಾರಿ ತೆರೆದಿದೆಯೇ ಎಂದು ಆ ದಿನವೇ ರೈಲ್ವೆಯ ಆ್ಯಪಿನಲ್ಲಿ ನೋಡಿಕೊ.

ಟಿಕೆಟಿನ ಲೆಕ್ಕದಲ್ಲಿ ಜನ ಎಡವುವುದು ಎರಡು ಕಡೆ. ಒಂದು, ವಿಮಾನ ನಿಲ್ದಾಣ ಊರಿನ ವಲಯದಿಂದ ಹೊರಗಿದೆ. ವಾರದ ಪಾಸ್ ಕೈಯಲ್ಲಿದ್ದರೂ ಊರಿನ ಗಡಿಯಿಂದ ವಿಮಾನ ನಿಲ್ದಾಣದವರೆಗಿನ ಚೂರಿಗೆ ಬೇರೆ ಟಿಕೆಟ್ ಕೊಳ್ಳಬೇಕು. ಎರಡನೆಯದು, ಮೆಟ್ರೋದಲ್ಲಿ ನಮ್ಮ ಹಾಗೆ ಗೇಟು ಇಲ್ಲ. ಪ್ಲಾಟ್‌ಫಾರಂಗೆ ಇಳಿಯುವ ಮೊದಲು ಸೊಂಟದೆತ್ತರದ ನೀಲಿ ಪೆಟ್ಟಿಗೆ ಇರುತ್ತದೆ. ಕಾಗದದ ಟಿಕೆಟನ್ನು ಅದರ ಬಾಯಿಗೆ ತೂರಿಸಬೇಕು, ಟಕ್ ಎಂದು ಸದ್ದಾಗಿ ಸಮಯ ಅಚ್ಚಾಗುತ್ತದೆ. ಆ ಅಚ್ಚು ಇಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ. ಸಾದಾ ಬಟ್ಟೆಯಲ್ಲಿ ತಪಾಸಣೆಗೆ ಬರುತ್ತಾರೆ, ದಂಡ ನೂರು ಯೂರೋಗೂ ಹೆಚ್ಚು, ಪ್ರವಾಸಿ ಎಂಬ ರಿಯಾಯಿತಿ ಇಲ್ಲ. ವೀನ್‌ಮೊಬಿಲ್ ಆ್ಯಪಿನಲ್ಲಿ ಕೊಂಡರೆ ಅಚ್ಚಿನ ಗೋಜಿಲ್ಲ, ಹತ್ತುವ ಮೊದಲೇ ಕೊಂಡಿರಬೇಕು ಅಷ್ಟೆ. ಶುಕ್ರವಾರ, ಶನಿವಾರ ರಾತ್ರಿಯಿಡೀ ಮೆಟ್ರೋ ಓಡುತ್ತದೆ, ಉಳಿದ ದಿನ ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿನವರೆಗೆ.

ಸಮ್ಮೇಳನದ ಕಟ್ಟಡದ ಪಕ್ಕದಲ್ಲೇ ಎತ್ತರದ ಬಾಗಿದ ಗೋಪುರಗಳು ಕಾಣುತ್ತವೆ. ಅದು ವಿಶ್ವಸಂಸ್ಥೆಯ ಕಚೇರಿ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಅಲ್ಲೇ. ಜನ ಗೊಂದಲದಲ್ಲಿ ಆ ಗೇಟಿಗೆ ಹೋಗಿ ನಿಲ್ಲುತ್ತಾರೆ. ಟ್ಯಾಕ್ಸಿಯವನಿಗೆ ಬ್ರೂನೋ ಕ್ರೈಸ್ಕಿ ಪ್ಲಾಟ್ಸ್ 1 ಎಂದು ಹೇಳು. ಹೋಟೆಲ್ ಮಾತ್ರ ಅಲ್ಲೇ ಪಕ್ಕದಲ್ಲಿ ಹಿಡಿಯಲೇಬೇಕೆಂದಿಲ್ಲ, ಸಂಜೆಯಾದ ಮೇಲೆ ಅಲ್ಲಿ ಜೀವವೇ ಇರುವುದಿಲ್ಲ. ಯು1 ದಾರಿಯಲ್ಲಿ ಪ್ರಾಟರ್‌ಸ್ಟರ್ನ್ ಅಥವಾ ಕೆಪ್ಲರ್‌ಪ್ಲಾಟ್ಸ್ ಹತ್ತಿರ ಹಿಡಿದರೆ ಊಟ, ಅಂಗಡಿ ಎರಡೂ ಕೈಗೆಟುಕುತ್ತವೆ. ಸಂಬಂಧಿಕರ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಳಿಯುವುದಾದರೆ ಮೂರು ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸಬೇಕು. ಹೋಟೆಲಿನವರಾದರೆ ಆ ಕೆಲಸ ಅವರೇ ನೋಡಿಕೊಳ್ಳುತ್ತಾರೆ.

ಊಟದ ಬಗ್ಗೆ ಒಂದು ಎಚ್ಚರಿಕೆ, ನೀನು ಶುದ್ಧ ಸಸ್ಯಾಹಾರಿ. ಮಾಂಸ ಕಾಣಿಸದಿದ್ದರೆ ಮಾಂಸ ಇಲ್ಲ ಎಂದಲ್ಲ. ಫ್ರಿಟಾಟೆನ್‌ಸುಪೆ ಎನ್ನುವ ದೋಸೆಯೆಳೆಗಳ ತಿಳಿಸಾರು ದನದ ಮೂಳೆ ಮಾಂಸ ಕುದಿಸಿದ ರಸದಲ್ಲೇ ಆಗುವುದು. ವಿಯೆನ್ನಾ ಶೈಲಿಯ ಆಲೂಗಡ್ಡೆ ಸಲಾಡಿಗೂ ಅದೇ ರಸ ಹಾಕುತ್ತಾರೆ. "ಓನೆ ಫ್ಲೈಶ್, ಓನೆ ರಿಂಟ್‌ಸುಪೆ?" ಎಂದು ಕೇಳು, ಮಾಂಸವೂ ಇಲ್ಲ, ದನದ ಸಾರೂ ಇಲ್ಲವಲ್ಲ ಎಂದರ್ಥ. ಚೀಸ್ ಹಾಕಿದ ಕೇಸ್‌ಶ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಮೊಟ್ಟೆ ಇರುತ್ತದೆ. ನೀರು ಕೊಳ್ಳುವ ಅಗತ್ಯವೇ ಇಲ್ಲ. 1873ರಿಂದ ಆಲ್ಪ್ಸ್ ಬೆಟ್ಟದ ಒರತೆಯ ನೀರೇ ಈ ಊರಿನ ನಲ್ಲಿಗೆ ಬರುತ್ತಿದೆ, ನೇರ ಹಿಡಿದು ಕುಡಿ. ಕೊಂಡರೆ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ, ಜಜ್ಜದೆ ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸ್.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೂ ಸಂಜೆ ಆರಕ್ಕೆ ಬಾಗಿಲು. ನೀನು ಭಾನುವಾರ ಇಳಿಯುವವನಾದರೆ ಹೌಪ್ಟ್‌ಬಾನ್‌ಹೋಫ್ ಒಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ, ಹೋಟೆಲಿಗೆ ಹೋಗುವ ಮುಂಚೆಯೇ ಹಾಲು, ಬ್ರೆಡ್, ಹಣ್ಣು ತೆಗೆದುಕೊ. ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಹಾಗಾಗಿ ಮಾತ್ರೆಗಳನ್ನು ಚೀಟಿಯ ಸಮೇತ ಇಲ್ಲಿಂದಲೇ ಒಯ್ಯಿ. ಆಂಬುಲೆನ್ಸಿಗೆ 144, ಯಾವ ತುರ್ತಿಗಾದರೂ 112. ಎಟಿಎಂ ಯಂತ್ರ ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡ ಒತ್ತು, ಯೂರೋದಲ್ಲೇ ತೆಗೆ. ಇಲ್ಲದಿದ್ದರೆ ಅವರಿಟ್ಟ ದರಕ್ಕೆ ತಲೆಬಾಗಬೇಕು. ವಿದ್ಯುತ್ 230 ವೋಲ್ಟೇ, ಆದರೆ ಲ್ಯಾಪ್‌ಟಾಪಿನ ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಪೋಸ್ಟರನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸು, ಮಡಚಿ ಕೈಚೀಲದಲ್ಲಿಟ್ಟರೆ ಉದ್ದನೆಯ ಕೊಳವೆಗಾಗಿ ವಿಮಾನದವರ ಜೊತೆ ವಾದ ಮಾಡಬೇಕಿಲ್ಲ.

ಕೊನೆಗೆ ಖರೀದಿ. ಒಂದೇ ಅಂಗಡಿಯಲ್ಲಿ 75 ಯೂರೋಗಿಂತ ಹೆಚ್ಚು ಕೊಂಡರೆ ತೆರಿಗೆ ವಾಪಸಿನ ಫಾರಂ ಕೇಳು. ಆ ಸಾಮಾನು ಚೆಕ್‌ಇನ್ ಸೂಟ್‌ಕೇಸಿನಲ್ಲಿದ್ದರೆ, ಸೂಟ್‌ಕೇಸು ಬೆಲ್ಟಿಗೆ ಹೋಗುವ ಮೊದಲೇ ವಿಯೆನ್ನಾದ ಕಸ್ಟಮ್ಸಿನವರಿಗೆ ತೋರಿಸಿ ಮುದ್ರೆ ಹಾಕಿಸಿಕೊ. ಕೈಚೀಲದಲ್ಲಿದ್ದರೆ ಒಕ್ಕೂಟದಿಂದ ಹೊರಬೀಳುವ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ತೋರಿಸಬೇಕು.

ಇಂತಿ ನಿನ್ನ ಗೆಳೆಯ