ಡಿಕ್ಕಿಯ ಮೇಲಿನ ರೆಕ್ಕೆಗೆ ಗಾಳಿ ತಲುಪುತ್ತಿದೆಯೇ?

ಮಾನ್ಯ ಸಂಪಾದಕರೇ,

ಸ್ಪೋರ್ಟ್ಸ್ ಕಾರುಗಳ ಹಿಂಬದಿಯ ರೆಕ್ಕೆ ಇರುವುದೇ ವೇಗ ಹೆಚ್ಚಿಸಲಿಕ್ಕೆ ಎಂಬ ಅರ್ಥ ಬರುವಂತೆ ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಹಾಸನದಲ್ಲೂ ಹುಡುಗರು ಸಾಧಾರಣ ಕಾರಿನ ಡಿಕ್ಕಿಗೆ ತೂತು ಕೊರೆಸಿ ಇಂಥ ರೆಕ್ಕೆ ಕೂರಿಸಿಕೊಳ್ಳುತ್ತಿರುವುದರಿಂದ ಈ ತಪ್ಪು ತಿಳಿವಳಿಕೆ ಹಾಗೆಯೇ ಉಳಿಯಬಾರದು.

ರೆಕ್ಕೆಯ ಕೆಲಸ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಅದಕ್ಕೆ ತೆರಬೇಕಾದ ಬೆಲೆ ಗಾಳಿಯ ತಡೆ. ವೇಗ ಗಂಟೆಗೆ 60 ಕಿಲೋಮೀಟರಿನಿಂದ 120ಕ್ಕೆ ಏರಿದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಎಂಟು ಪಟ್ಟು ಶಕ್ತಿ ಬೇಕಾಗುತ್ತದೆ. ಆದ್ದರಿಂದಲೇ ತಯಾರಕರು ಕಾರನ್ನು ಜೋರಾಗಿ ಗಾಳಿ ಹಾಯಿಸುವ ಸುರಂಗದಲ್ಲಿ, ಅಂದರೆ ವಿಂಡ್ ಟನಲ್‌ನಲ್ಲಿ ನಿಲ್ಲಿಸಿ, ರಸ್ತೆಯ ಬದಲಿಗೆ ಅದರಡಿಯಲ್ಲಿ ಬೆಲ್ಟನ್ನು ಗಾಳಿಯಷ್ಟೇ ವೇಗದಲ್ಲಿ ಓಡಿಸಿ, ತಡೆ ಎಷ್ಟು, ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಭಾರ ಎಷ್ಟು ಹೆಚ್ಚುಕಡಿಮೆಯಾಯಿತು ಎಂಬುದನ್ನು ಅಳೆದು, ಅಂಚುಗಳನ್ನು ತುಸುತುಸುವೇ ತಿದ್ದಿ ಮತ್ತೆ ಅಳೆಯುತ್ತಾರೆ.

1969ರಲ್ಲಿ ಬಂದ ಪೋರ್ಷೆ 917 ಎಂಬ ರೇಸ್ ಕಾರು ಅತಿವೇಗದಲ್ಲಿ ಹಿಡಿತ ತಪ್ಪುತ್ತಿದ್ದುದರಿಂದ ನುರಿತ ಚಾಲಕರೂ ಅದಕ್ಕೆ ಹೆದರುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಝೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆದಾಗ, ಕಾರಿನ ಮುಂಭಾಗಕ್ಕೆಲ್ಲ ನುಸಿಗಳು ಬಡಿದು ಸತ್ತಿದ್ದರೂ ಗಾಳಿಯನ್ನು ತಿರುಗಿಸಲು ಬಾಲದಲ್ಲಿ ಕೂರಿಸಿದ್ದ ಪಟ್ಟಿ (ಸ್ಪಾಯ್ಲರ್) ಮಾತ್ರ ಶುಭ್ರವಾಗಿರುವುದನ್ನು ಎಂಜಿನಿಯರ್ ಜಾನ್ ಹಾರ್ಸ್‌ಮನ್ ಗಮನಿಸಿದರು. ನುಸಿ ತಲುಪದ ಕಡೆ ಗಾಳಿಯೂ ತಲುಪಿರಲಿಲ್ಲ. ಅಲ್ಲೇ ಅಲ್ಯೂಮಿನಿಯಂ ಹಾಳೆ ಬಡಿದು ಬಾಲವನ್ನು ಎತ್ತರಿಸಿದರು; ಕಾರು ಹತೋಟಿಗೆ ಬಂತು. 1970ರಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದದ್ದು ಹೀಗೆ ಬಾಲ ಎತ್ತರಿಸಿದ, ಗಿಡ್ಡ ಬಾಲದ 917.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ನಾನು ಹೋದ ತಿಂಗಳು ಗಾಳಿ ಹರಿಯುವ ದಿಕ್ಕು ಕಣ್ಣಿಗೆ ಕಾಣಲೆಂದು ವಿದ್ಯಾರ್ಥಿಯೊಬ್ಬನ ಕಾರಿಗೆ ಚೋಟುದ್ದದ ಉಲ್ಲನ್ ದಾರಗಳನ್ನು ಸಾಲಾಗಿ ಟೇಪಿನಿಂದ ಅಂಟಿಸಿ, ಬೆಳಗಿನ ಜಾವ ವಾಹನಗಳಿಲ್ಲದ ಹೊತ್ತಿನಲ್ಲಿ 60ರ ವೇಗದಲ್ಲಿ ಓಡಿಸಿ, ಹಿಂದಿನ ಕಾರಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಚಾವಣಿಯ ಮೇಲಿನ ದಾರಗಳು ಬಾಚಿದ ಕೂದಲಿನಂತೆ ನೇರವಾಗಿ ಮಲಗಿದ್ದವು. ಹಿಂದಿನ ಗಾಜಿನ ಕೆಳಗಿನವು ದಿಕ್ಕೆಟ್ಟು ಒದ್ದಾಡುತ್ತಿದ್ದವು, ಒಂದೆರಡು ಮುಂದಕ್ಕೇ ಚಾಚಿದ್ದವು. ಅವನ ಹೊಸ ರೆಕ್ಕೆ ಕೂತಿದ್ದುದು ಸರಿಯಾಗಿ ಗಾಳಿಯ ಆ ಸುಳಿಯೊಳಗೆ. ವಿಡಿಯೊ ನೋಡಿದ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಮನಸ್ಸಿಗೆ ಕಷ್ಟವಾಯಿತು, ಏಕೆಂದರೆ ಅದು ಅವನು ರಜೆಯಲ್ಲಿ ದುಡಿದು ಕೂಡಿಟ್ಟ ಹಣ.

ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳು ವರ್ಷಕ್ಕೆ ಒಂದು ದಿನವಾದರೂ ಗ್ಯಾರೇಜಿನವರನ್ನೂ ಕಾರು ಪ್ರೀತಿಸುವ ಹುಡುಗರನ್ನೂ ಕರೆದು ಈ ದಾರದ ಪ್ರಯೋಗವನ್ನು ಕಣ್ಣೆದುರು ಮಾಡಿ ತೋರಿಸಲಿ; ತಮ್ಮ ಪತ್ರಿಕೆಯೂ ಆ ಚಿತ್ರಗಳನ್ನು ಪ್ರಕಟಿಸಲಿ ಎಂದು ಕೋರುತ್ತೇನೆ. ಒಂದು ಉಂಡೆ ಉಲ್ಲನ್, ಒಂದು ಸುರುಳಿ ಟೇಪು ಇದ್ದರೆ ಸಾಕು.

— ಪಾಲಿಟೆಕ್ನಿಕ್ ಉಪನ್ಯಾಸಕ, ಹಾಸನ