ಸುಮ್ನೆ ಸಿನಿಮಾ ಬಗ್ಗೆ ಬರೆಯೋಣ ಅಂತ ಕೂತೆ, ಮಾರಾಯಾ

ಪ್ರೀತಿಯ ಗೆಳೆಯಾ,

ಆಟಿ ಕಳೆದು ಸೋಣ ತಿಂಗಳು ಬಂದರೂ ಇಲ್ಲಿ ಮಳೆ ಬಿಟ್ಟಿಲ್ಲ. ಅಂಗಳದ ತುಂಬ ಪಾಚಿ. ಅಡಿಕೆಗೆ ಎರಡನೇ ಸಲ ಮದ್ದು ಬಿಡಬೇಕು, ಅದಕ್ಕೊಂದು ಬಿಸಿಲು ಕಾಯುತ್ತಿದ್ದೇವೆ. ಅಲ್ಲಿಯ ತನಕ ಸಿನಿಮಾ ನೋಡುವುದೇ ಕೆಲಸ. ಈಚೆಗೆ ಏನೇನು ನೋಡಿದೆ, ನಾಲ್ಕು ಸಾಲು ಬರಿ ಅಂತ ನೀನು ಬೆಂಗಳೂರಿನಿಂದ ಕೇಳಿದ್ದೆಯಲ್ಲ. ನಾಲ್ಕು ಸಾಲಿಗೆ ಮುಗಿಯುವುದಿಲ್ಲ. ನಮ್ಮಿಬ್ಬರ ಹಳೇ ಜಗಳ ಗೊತ್ತಿರುವವರೆಲ್ಲ ಇದನ್ನು ಓದುತ್ತಾರೆ ಅಂತಲೂ ಗೊತ್ತು. ಓದಲಿ. ಕೊಡೆಯ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ.

ಮೊದಲು 'ಸು ಫ್ರಮ್ ಸೋ'. ಎರಡು ಸಲ ನೋಡಿದೆ. ಜುಲೈ ಕೊನೆಗೆ ಚಿತ್ರ ಬಂದಾಗ ಭಾವನ ಜೊತೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಕನ್ನಡದಲ್ಲಿ ನೋಡಿದ್ದು ಒಂದು ಸಲ. ಮಾಡಿದವರು ಜೆ.ಪಿ. ತುಮಿನಾಡು. ನಮ್ಮ ಮಂಜೇಶ್ವರದ ತುಮಿನಾಡು! ಆ ಹೆಸರು ಪರದೆ ಮೇಲೆ ಬಂದಾಗ ಭಾವ ನನ್ನ ತೊಡೆಗೆ ಹೊಡೆದದ್ದು ಇನ್ನೂ ಉರಿಯುತ್ತದೆ. ಸಿಕ್ಕಿಬೀಳದೆ ಇರಲು ಅಶೋಕ ಸುಲೋಚನ ಎಂಬ ಹೆಂಗಸಿನ ಪ್ರೇತ ಮೈಮೇಲೆ ಬಂದ ಹಾಗೆ ನಟಿಸುವುದು, ಇಡೀ ಊರು ಅದನ್ನು ನಂಬುವುದು, ರವಿಯಣ್ಣ ಮುಂದೆ ನಿಂತು ಎಲ್ಲ ಸರಿ ಮಾಡಲು ಹೊರಡುವುದು. ರವಿಯಣ್ಣನಂಥವರು ನಮ್ಮ ಊರಿಗೊಬ್ಬರು ಇದ್ದಾರಲ್ಲ, ಮದುವೆಗೂ ಅವರೇ, ಸತ್ತವರ ಬೊಜ್ಜಕ್ಕೂ ಅವರೇ. ಶನೀಲ್ ಗೌತಮ್ ಆ ಪಾತ್ರವನ್ನು ಒಂದು ಚೂರೂ ಅತಿ ಮಾಡದೆ ಮಾಡಿದ್ದಾರೆ. ಸುಲೋಚನಳ ಮಗಳು ಭಾನು ಬಂದ ಮೇಲೆ ನಗುವಿನ ಅಡಿಯಿಂದ ಬೇರೇನೋ ಮೇಲೆ ಬರುತ್ತದೆ. ಕೆಲವು ಕಡೆ ಎಳೆದಿದ್ದಾರೆ, ನಿಜ. ಆದರೆ ಮನಸ್ಸು ತುಂಬಿತು.

ಎರಡನೇ ಸಲ ಕಾಸರಗೋಡಿನಲ್ಲೇ, ಮಲಯಾಳದಲ್ಲಿ. ಆಗಸ್ಟ್ 1ಕ್ಕೆ ದುಲ್ಕರ್ ಸಲ್ಮಾನ್ ಅವರ ಕಂಪೆನಿ ಮಲಯಾಳದ ಡಬ್ಬಿಂಗ್ ಅನ್ನು ಕೇರಳಕ್ಕೆ ತಂದಿತು. ಪಕ್ಕದ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನಾನು ಕಥೆ ನೋಡಲಿಲ್ಲ, ಬರೀ ತುಟಿ ನೋಡಿದೆ. ಡಬ್ಬಿಂಗ್‌ಗೆ ಮಾತು ಬರೆಯುವುದು ದೊಡ್ಡ ಕೆಲಸ ಮಾರಾಯಾ. ಅರ್ಥ ಹೊಂದಿದರೆ ಸಾಲದು, ಉದ್ದವೂ ಹೊಂದಬೇಕು. ಪ, ಬ, ಮ ಬಂದಲ್ಲಿ ಪರದೆ ಮೇಲಿನ ತುಟಿ ಮುಚ್ಚಿರುತ್ತದೆ, ಅಲ್ಲಿಗೆ ತುಟಿ ಮುಚ್ಚುವ ಮಾತೇ ಹುಡುಕಬೇಕು. 'ಎಂತ ಮಾರ್ರೆ' ಅನ್ನುವುದರ ರುಚಿ ಮಲಯಾಳದಲ್ಲಿ ಸಿಗಲಿಲ್ಲ. ಅದು ಸಿಗುವಂಥದ್ದಲ್ಲ. ಆದರೆ ಮಂಗಳೂರಿನಲ್ಲಿ ಜನ ಎಲ್ಲೆಲ್ಲಿ ನಕ್ಕಿದ್ದರೋ ಅಲ್ಲಲ್ಲೇ ಆ ಮಕ್ಕಳೂ ನಕ್ಕರು.

ಆಗ ನಿನ್ನ ನೆನಪಾಯಿತು. ಕಾಲೇಜಿನಲ್ಲಿ ಈ ಡಬ್ಬಿಂಗ್ ವಿಷಯಕ್ಕೆ ನಾವು ಎಷ್ಟು ಸಲ ಬಸ್ಸು ತಪ್ಪಿಸಿಕೊಂಡಿಲ್ಲ! ಕನ್ನಡಕ್ಕೆ ಡಬ್ಬಿಂಗ್ ಬರಬಾರದು ಅಂತ ಬೆಂಗಳೂರಿನ ಚಿತ್ರರಂಗದವರು ದಶಕಗಟ್ಟಲೆ ಪಟ್ಟು ಹಿಡಿದಿದ್ದರು. ನಾನು ಅವರ ಕಡೆ. ಒಬ್ಬನ ಬಾಯಿಗೆ ಇನ್ನೊಬ್ಬನ ಮಾತು ತುರುಕುವುದು ಸುಳ್ಳು ಹೇಳಿದ ಹಾಗೆ ಅಂತ ನಾನು ವಾದಿಸಿದ್ದೆ. ನೀನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ತಿಳಿಯದವರ ಮೇಲೆ ಪ್ರೀತಿ ಇದ್ದವನು ಮಾಡುವ ಕೆಲಸ ಅದು." 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಹೇಳಿದ ದಿನ ನೀನು ಫೋನ್ ಮಾಡಿ ಒಂದು ಮಾತೂ ಆಡದೆ ಶಿಳ್ಳೆ ಹಾಕಿ ಇಟ್ಟಿದ್ದೆ.

ಅದಾದ ಮೇಲೆ ಹಳೆಯದೊಂದನ್ನು ಮತ್ತೆ ನೋಡಿದೆ, 2017ರ ಮಲಯಾಳ ಚಿತ್ರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ'. ಕೇರಳದ ತೆಂಕಿನಿಂದ ನಮ್ಮ ಕಾಸರಗೋಡಿಗೆ ಬಂದು ನೆಲೆಸಿದ ಗಂಡ ಹೆಂಡತಿ, ಬಸ್ಸಿನಲ್ಲಿ ಕಳುವಾದ ಸರ, ಒಂದು ಪೊಲೀಸ್ ಠಾಣೆ. ಪೊಲೀಸರಲ್ಲಿ ಸುಮಾರು ಜನ ನಿಜವಾದ ಪೊಲೀಸರೇ. ಆ ಒಣ ಗುಡ್ಡ, ಮುಳಿಹುಲ್ಲು, ಮಧ್ಯಾಹ್ನದ ಸೆಕೆ. ನಮ್ಮ ಊರಿನ ಬೇಸಿಗೆಯನ್ನು ಇಷ್ಟು ಸರಿಯಾಗಿ ಯಾರೂ ತೋರಿಸಿಲ್ಲ ಅಂತ ನನಗೆ ಅನಿಸುತ್ತದೆ.

2018ರಲ್ಲಿ ರಿಷಬ್ ಶೆಟ್ಟರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಬಂದಾಗ ಮನೆಮಂದಿಯೆಲ್ಲ ಹೋಗಿದ್ದೆವು. ಅಮ್ಮನೂ ಬಂದಿದ್ದಳು. ಕನ್ನಡ ಶಾಲೆಗೆ ಮಲಯಾಳದ ಮಾಷ್ಟ್ರು ಬಂದು ಪಾಠ ಮಾಡುವಾಗ ಮಕ್ಕಳು ಪಿಳಿಪಿಳಿ ನೋಡುತ್ತವಲ್ಲ, ಆಗ ಎಲ್ಲರಿಗಿಂತ ಮೊದಲು ನಕ್ಕವಳು ಅಮ್ಮ. ಮಕ್ಕಳ ಮುಖ ನೋಡಿ ನಕ್ಕಳು ಅಂದುಕೊಂಡಿದ್ದೆ.

ಇನ್ನು 'ಉಳ್ಳೊಳುಕ್ಕ್'. ಇದರ ಬಗ್ಗೆಯೇ ಜಾಸ್ತಿ ಬರೆಯಬೇಕಿತ್ತು. ಆಗಸ್ಟ್ 1ರಂದು ರಾಷ್ಟ್ರಪ್ರಶಸ್ತಿ ಹೇಳುವಾಗ ಅತ್ಯುತ್ತಮ ಮಲಯಾಳ ಚಿತ್ರ ಅದೇ ಅಂದರು. ಊರ್ವಶಿಗೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ. ಹಾಗಾಗಿ ಒಂದು ರಾತ್ರಿ ಒಬ್ಬನೇ ಕೂತು ನೋಡಿದೆ. ಹೊರಗೆ ಮಳೆ, ಒಳಗೆ ಪರದೆಯಲ್ಲೂ ಮಳೆ. ನೆರೆ ಬಂದ ಮನೆ, ಸತ್ತ ಮಗನ ದೇಹ. ನೀರು ಇಳಿಯದೆ ಹೂಳುವಂತಿಲ್ಲ. ಅತ್ತೆ ಊರ್ವಶಿ, ಸೊಸೆ ಪಾರ್ವತಿ, ಇಬ್ಬರೂ ಕಾಯುತ್ತಾರೆ. ನೋಡದವರು ಮುಂದಿನ ಸಾಲು ಬಿಟ್ಟು ಓದಿ. ಮಗನ ಕಾಯಿಲೆ ಮದುವೆಗೆ ಮೊದಲೇ ಆ ತಾಯಿಗೆ ಗೊತ್ತಿತ್ತು. ಹೇಳಿರಲಿಲ್ಲ.

ಅಲ್ಲಿಗೆ ಸಿನಿಮಾ ನಿಲ್ಲಿಸಿದೆ. ಉಳಿದದ್ದನ್ನು ನೋಡಿದ್ದು ಮೂರು ದಿನ ಬಿಟ್ಟು.

ಇದನ್ನು ಬರೆಯುವ ಅಂದಾಜು ಇರಲಿಲ್ಲ. ಆದರೆ ನಿನಗೆ ಹೇಳದೆ ಎರಡು ವರ್ಷ ಇಟ್ಟುಕೊಂಡಿದ್ದೇನೆ, ಸಾಕು.

ಅಮ್ಮನಿಗೆ ಮಲಯಾಳ ಬರುವುದಿಲ್ಲ ಅಂತ ನಿನಗೂ ಗೊತ್ತು. "ಎನಗೆ ಮಲೆಯಾಳ ಅರಡಿಯ" ಅನ್ನುವುದನ್ನು ನೀನೇ ನೂರು ಸಲ ಕೇಳಿದ್ದೀಯ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವಳಿಗೆ ಒಂಬತ್ತು ವರ್ಷ. ಆ ದಿನ ಅಜ್ಜ ಮನೆಯಲ್ಲಿ ಒಲೆ ಹೊತ್ತಿಸಲು ಬಿಡಲಿಲ್ಲವಂತೆ. 1967ರಲ್ಲಿ ಗಡಿ ವಿಷಯಕ್ಕೆ ಕೂತ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಾಗ ಅದೇ ಅಜ್ಜ ಪಾಯಸ ಮಾಡಿಸಿದರಂತೆ. ಪಾಯಸ ಉಂಡದ್ದಷ್ಟೇ, ಮುಂದೆ ಏನೂ ಆಗಲಿಲ್ಲ. ಅಂಥ ಮನೆಯ ಮಗಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿಯೂ ಅವಳ ಬಾಯಿಂದ ಒಂದು ಮಲಯಾಳ ಮಾತು ನಾನು ಕೇಳಿಲ್ಲ.

ಆಸ್ಪತ್ರೆಯಲ್ಲಿ ಹದಿನೇಳು ದಿನ ಇದ್ದಳು. ಡಾಕ್ಟರು ತೆಂಕಿನವರು, ಒಳ್ಳೆಯವರು. ಆರನೇ ದಿನ ಮಂಚದ ಹತ್ತಿರ ನಿಂತು ನನ್ನಲ್ಲಿ ಮಲಯಾಳದಲ್ಲೇ ಹೇಳಿದರು. ಇನ್ನು ಮಾಡುವಂಥದ್ದು ಏನೂ ಇಲ್ಲ, ಬರಬೇಕಾದವರಿಗೆ ತಿಳಿಸಿ. ಅಮ್ಮ ಅವರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಎಂತ ಹೇಳಿದವು?" ಕೇಳಿದಳು. ಮದ್ದು ಬದಲಿಸುತ್ತಾರಂತೆ, ಬರುವ ವಾರ ಮನೆಗೆ ಹೋಗಬಹುದಂತೆ ಅಂದೆ. ನಮ್ಮ ಹವಿಗನ್ನಡದಲ್ಲಿ ಮಾತಿನ ಕೊನೆಗೆ ಒಂದು 'ಅಡ' ಸೇರಿಸಿದರೆ ಸಾಕು. 'ಹೋಪಲಕ್ಕಡ' ಅಂದರೆ ಆಯಿತು, ಮಾತು ನನ್ನದಲ್ಲ, ಡಾಕ್ಟರದ್ದು. ಆ ಒಂದು 'ಅಡ' ಹಿಡಿದುಕೊಂಡು ನಾನು ಉಳಿದ ಹನ್ನೊಂದು ದಿನ ಕಳೆದೆ. ಅವರು ದಿನಾ ಒಂದು ಹೇಳುವುದು, ನಾನು ಅಮ್ಮನಿಗೆ ಇನ್ನೊಂದು ಹೇಳುವುದು. ಪ್ರತಿ ಸಲವೂ ಅವಳು "ಸಾರ ಇಲ್ಲೆ", ಅಂದರೆ ಪರವಾಗಿಲ್ಲ, ಅನ್ನುತ್ತಿದ್ದಳು.

ಕಾರ್ಯ ಎಲ್ಲ ಮುಗಿದ ಮೇಲೆ ಬಾಕಿ ಕಾಗದ ತರಲು ಅಲ್ಲಿಗೆ ಹೋಗಿದ್ದೆ. ರಾತ್ರಿ ಪಾಳಿಯ ನರ್ಸ್ ಸಿಕ್ಕಿದಳು. "ನಿಮ್ಮ ಅಮ್ಮ ರಾತ್ರಿ ನಿದ್ದೆ ಬಾರದಾಗ ಎಷ್ಟು ಮಾತಾಡುತ್ತಿದ್ದರು! ಊರಿನಲ್ಲಿರುವ ನನ್ನ ಮಗುವಿನ ಬಗ್ಗೆ ದಿನಾ ವಿಚಾರಿಸುತ್ತಿದ್ದರು" ಅಂದಳು. ಯಾವ ಭಾಷೆಯಲ್ಲಿ ಅಂತ ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಲಯಾಳದಲ್ಲೇ. ನಿಮ್ಮ ಕಾಸರಗೋಡಿನ ಮಲಯಾಳ ಮೊದಮೊದಲು ನನಗೇ ತಿಳಿಯುತ್ತಿರಲಿಲ್ಲ."

ಎಲ್ಲಿ ಕಲಿತಳೋ. ಅಡಿಕೆ ಸುಲಿಯಲು ಬರುವ ಹೆಂಗಸರಿಂದ ಇರಬೇಕು. ಅರವತ್ತು ವರ್ಷ ಅಂಗಳದಲ್ಲಿ ಕೇಳಿದ ಭಾಷೆ ಬಾರದೆ ಇರುತ್ತದಾ? ಅಜ್ಜನ ಮರ್ಯಾದೆಗೆ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ. ಅಂದರೆ ಡಾಕ್ಟರು ಆ ದಿನ ಹೇಳಿದ್ದನ್ನು ಅವಳು ನನ್ನ ಜೊತೆಗೇ ಕೇಳಿಸಿಕೊಂಡಿದ್ದಳು. ಆಮೇಲೆ ನನ್ನ ಹತ್ತಿರ ಕೇಳಿ, ನಾನು ಹೇಳಿದ್ದನ್ನೂ ಕೇಳಿಸಿಕೊಂಡಳು. ಹನ್ನೊಂದು ದಿನ ಎರಡೂ ಕೇಳಿದಳು. 'ಸಾರ ಇಲ್ಲೆ' ಅಂದದ್ದು ಯಾವುದಕ್ಕೆ ಅಂತ ನಾನು ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ. ಮಲಯಾಳದವರೂ 'ಸಾರಮಿಲ್ಲ' ಅನ್ನುತ್ತಾರೆ, ಗೊತ್ತಲ್ವಾ? ಎರಡೂ ಕಡೆ ಒಂದೇ ಮಾತು, ಒಂದೇ ಅರ್ಥ. ಡಬ್ಬಿಂಗ್‌ಗೆ ಕೂತವರು ಅದನ್ನು ಬದಲಿಸಬೇಕಾಗಿಯೇ ಇಲ್ಲ.

ಅಮ್ಮನ ವಿಷಯ ಇಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬರಬೇಕಾದವರಿಗೆ ತಿಳಿಸಿ ಅಂತ ಡಾಕ್ಟರು ಹೇಳಿದ್ದರಲ್ಲ. ನಾನು ಅಕ್ಕನಿಗೂ ಅದೇ ಹೇಳಿದೆ. ಫೋನಿನಲ್ಲಿ, ಅದೇ 'ಅಡ' ಸೇರಿಸಿ. ಜಾಸ್ತಿ ಏನಿಲ್ಲವಂತೆ, ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಬಾ. ಅಕ್ಕ ರಾತ್ರಿ ಬಸ್ಸಿಗೆ ಹೊರಟು ಬೆಳಗ್ಗೆ ಬಂದು ಇಳಿದಾಗ ನಾವು ಅಮ್ಮನನ್ನು ಮನೆಗೆ ತಂದಾಗಿತ್ತು. "ನಿನಗೂ ಗೊತ್ತಿರಲಿಲ್ಲವಾ?" ಕೇಳಿದಳು. ಇಲ್ಲ ಅಂದೆ. ಆ ಸಲ ಕೊನೆಗೆ ಸೇರಿಸಲು 'ಅಡ' ಕೂಡ ಇರಲಿಲ್ಲ.

ಅಕ್ಕಾ, ನೀನು ಇದನ್ನು ಓದುತ್ತೀಯ. ನನಗೆ ಗೊತ್ತಿತ್ತು. ಹನ್ನೊಂದು ದಿನ ಗೊತ್ತಿತ್ತು. ಅಮ್ಮನಿಗೆ ನೋವಾಗಬಾರದು ಅಂತ ನಾನು ನನಗೇ ಹೇಳಿಕೊಂಡಿದ್ದೆ. ನಿಜವಾಗಿ, ಆ ಮಾತನ್ನು ನನ್ನ ಬಾಯಿಂದ ಕನ್ನಡದಲ್ಲಿ ಹೇಳುವುದಕ್ಕೆ ನನಗೆ ಹೆದರಿಕೆಯಾಗಿತ್ತು. ಮಲಯಾಳದಲ್ಲಿ ಅದು ಡಾಕ್ಟರ ಮಾತಾಗಿಯೇ ಇತ್ತು. ಕನ್ನಡದಲ್ಲಿ ಹೇಳಿದ್ದರೆ ಅದು ನಮ್ಮ ಮನೆಯೊಳಗೆ ಬಂದುಬಿಡುತ್ತಿತ್ತು. ಈ ಆದಿತ್ಯವಾರ ನಾನೇ ಫೋನ್ ಮಾಡುತ್ತೇನೆ.

ಗೆಳೆಯಾ, ಸುಳ್ಳು ಅಂತ ಹೇಳುತ್ತಿದ್ದವನು ನಾನು, ಪ್ರೀತಿ ಅಂತ ಹೇಳುತ್ತಿದ್ದವನು ನೀನು. ನೀನು ಬಂದಾಗ ಮತ್ತೊಮ್ಮೆ ಕೂತು ಜಗಳ ಮಾಡೋಣ. ನಾನು ಈ ಸಲ ಯಾವ ಕಡೆ ಅಂತ ಈಗಲೇ ಹೇಳಲಾರೆ.

ಸರಿ, ಸಾಕು. ಬಿಸಿಲು ಒಂದು ಚೂರು ಬಂತು ನೋಡು, ಕೊಟ್ಟಿಗೆಯ ಹಂಚು ಹೊಗೆಯಾಡುತ್ತಿದೆ. ಮದ್ದಿನವನಿಗೆ ಹೇಳಿ ಕಳುಹಿಸಬೇಕು.

'ಉಳ್ಳೊಳುಕ್ಕ್' ನೀನು ಖಂಡಿತ ನೋಡು, ಒಬ್ಬನೇ ನೋಡಬೇಡ. 'ಸು ಫ್ರಮ್ ಸೋ' ಕನ್ನಡದ್ದೇ ನೋಡು. ಚೌತಿಗೆ ಬರುತ್ತೀಯಲ್ಲ? ಯಾವ ಸಿನಿಮಾಕ್ಕೆ ಹೋಗುವುದು ಅಂತ ನೀನೇ ಹೇಳು, ಯಾವ ಭಾಷೆಯದ್ದಾದರೂ ಬರುತ್ತೇನೆ. ನಿನಗೆ ಮಧ್ಯದ ಸಾಲಿನ ಕೊನೆಯ ಸೀಟು. ಬರುವಾಗ ಕೊಡೆ ತಾ. ನಿನ್ನದಲ್ಲ, ಆ ಕೊಡೆ.

ನಿನ್ನ,
ಬಡಗು ಮನೆಯವನು