ಬರೆದವಳೇ ಹಾಡಿದ ಆಲ್ಬಂಗಳು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ‘ಕೇಳಲೇಬೇಕಾದ ಆಲ್ಬಂಗಳು’ ಪಟ್ಟಿ ಓದಿದೆ. ಪಟ್ಟಿ ಕೆಟ್ಟದ್ದೇನಲ್ಲ. ಅದರಲ್ಲಿ ಎಷ್ಟೋ ಆಲ್ಬಂಗಳು ನನಗೂ ಇಷ್ಟವಾದವೇ. ಆದರೆ ಅಲ್ಲಿ ಹೆಣ್ಣುಮಕ್ಕಳು ಇರುವುದು ಬರೀ ದನಿಯಾಗಿ. ಮಾತು ಬರೆದವರು ಗಂಡಸರು, ರಾಗ ಹಾಕಿದವರು ಗಂಡಸರು. ಮೈಕಿನ ಮುಂದೆ ನಿಂತವಳು ಮಾತ್ರ ಹೆಂಗಸು. ತಾನೇ ಬರೆದು, ತಾನೇ ರಾಗ ಕಟ್ಟಿ, ತಾನೇ ಹಾಡಿದವಳು ಒಬ್ಬಳೂ ಇಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕಲೇಬೇಕು ಅಂದರೆ ನನ್ನ ಪರಿಚಯಕ್ಕೆ ಹಾಕಿ, ಹಾಡುಗಳಿಗೆ ಬೇಡ.

ಪರಿಚಯ ಇಷ್ಟೇ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣದೊಂದು ಜೀನ್ಸ್ ಹೊಲಿಯುವ ಯೂನಿಟ್ ನಡೆಸುತ್ತೇನೆ. ಮಷೀನಿನ ಮುಂದೆ ಕೂರುವವರಲ್ಲಿ ಹೆಂಗಸರೇ ಜಾಸ್ತಿ. ಬೆಳಿಗ್ಗೆಯಿಂದ ಸಂಜೆವರೆಗೆ ಸ್ಪೀಕರ್ ಹಾಡುತ್ತಲೇ ಇರುತ್ತದೆ. ನಮ್ಮ ಬಳ್ಳಾರಿ ಗೊತ್ತಲ್ಲ, ಒಂದು ಹಾಡು ಕನ್ನಡ, ಮುಂದಿನದು ತೆಲುಗು, ಆಮೇಲೊಂದು ಹಿಂದಿ. ಇಂಗ್ಲಿಷ್ ಹಾಡು ಬಂದದ್ದು ನನ್ನ ತಮ್ಮನಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವನು ಒಂದು ದೀಪಾವಳಿಗೆ ಬಂದಾಗ ಪೆನ್‌ಡ್ರೈವ್ ತುಂಬ ಹಾಡು ತಂದುಕೊಟ್ಟ. ನನ್ನ ಇಂಗ್ಲಿಷ್ ಪಿಯುಸಿ ತನಕದ್ದು. ಅಷ್ಟು ಸಾಕಾಯಿತು.

ಮೊದಲು ಕೇಳಬೇಕಾದದ್ದು ಅಮೆರಿಕದ ಗಾಯಕಿ ಟ್ರೇಸಿ ಚಾಪ್ಮನ್. ಆಲ್ಬಂ ಹೆಸರೂ ‘ಟ್ರೇಸಿ ಚಾಪ್ಮನ್’, ಬಂದದ್ದು 1988ರಲ್ಲಿ. ಹನ್ನೊಂದು ಹಾಡು, ಎಲ್ಲವೂ ಅವಳೇ ಬರೆದದ್ದು. ಮಾತು ಎಷ್ಟು ಸ್ಪಷ್ಟ ಅಂದರೆ, ಪಿಯುಸಿ ಇಂಗ್ಲಿಷಿಗೂ ಸಿಗುತ್ತದೆ. ಎರಡನೆಯ ಹಾಡು ‘ಫಾಸ್ಟ್ ಕಾರ್’ ನೀವು ಎಲ್ಲಾದರೂ ಕೇಳಿರುತ್ತೀರಿ. ಕುಡುಕ ಅಪ್ಪನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿ ಅಲ್ಲಿದ್ದಾಳೆ. ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸಕ್ಕೆ ಸೇರುತ್ತಾಳೆ. ಗೆಳೆಯನ ಕಾರಿನಲ್ಲಿ ಕೂತು ಊರು ಬಿಡುವ ಕನಸು ಕಾಣುತ್ತಾಳೆ. ಊರು ಬದಲಾಗುತ್ತದೆ, ಕತೆ ಬದಲಾಗುವುದಿಲ್ಲ. ಅಪ್ಪ ಕುಡಿಯುತ್ತಿದ್ದ ಜಾಗದಲ್ಲಿ ಈಗ ಗೆಳೆಯ ಕುಡಿಯುತ್ತಾನೆ. ಅವಳು ದುಡಿಯುತ್ತಲೇ ಇರುತ್ತಾಳೆ. ಇಷ್ಟನ್ನೂ ಅಳದೆ, ಕೂಗದೆ, ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಾಳೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಾಲ್ಕನೆಯ ಹಾಡು, ‘ಬಿಹೈಂಡ್ ದ ವಾಲ್’. ಮೂರನೆಯ ಹಾಡು ಮುಗಿದ ಮೇಲೆ ವಾದ್ಯಗಳೆಲ್ಲ ನಿಲ್ಲುತ್ತವೆ. ಗಿಟಾರೂ ಇಲ್ಲ. ಬರೀ ಅವಳ ದನಿ. ಗೋಡೆಯಾಚೆ ಒಬ್ಬ ಹೆಂಡತಿಗೆ ಹೊಡೆಯುತ್ತಿದ್ದಾನೆ. ಈಚೆ ಮಲಗಿದವಳಿಗೆ ನಿದ್ದೆಯಿಲ್ಲ. ಪೊಲೀಸರು ಬಂದರೆ ತಡವಾಗಿ ಬರುತ್ತಾರೆ. ಬಂದರೂ ಗಂಡ ಹೆಂಡಿರ ಜಗಳ ಅಂತ ಕೈ ತೊಳೆದುಕೊಳ್ಳುತ್ತಾರೆ. ಒಮ್ಮೆ ಕರೆಂಟ್ ಹೋಗಿ ಮಷೀನುಗಳೆಲ್ಲ ನಿಂತಿದ್ದಾಗ ಈ ಹಾಡು ಬಂತು. ಸ್ಪೀಕರ್ ಬ್ಯಾಟರಿಯದ್ದು, ಅದೊಂದು ಹಾಡುತ್ತಿತ್ತು. ಜೀನ್ಸಿಗೆ ಸೊಂಟಪಟ್ಟಿ ಹೊಲಿಯುವ ನಮ್ಮ ಒಬ್ಬ ಅಕ್ಕ ಏನು ಹೇಳ್ತಿದ್ದಾಳೆ ಅಂತ ಕೇಳಿದರು. ಕನ್ನಡದಲ್ಲಿ ಹೇಳಿದೆ. “ನಮ್ಮ ಓಣಿ ಸುದ್ದಿ ಈಕಿಗೆ ಯಾರು ಹೇಳಿದ್ರವ್ವಾ?” ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಈ ಆಲ್ಬಂ ಜಗತ್ತಿಗೆ ಮುಟ್ಟಿದ ಬಗೆಯೂ ಚೆನ್ನಾಗಿದೆ. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ. ಮಂಡೇಲಾ ಆಗಿನ್ನೂ ಜೈಲಿನಲ್ಲಿದ್ದರು. ಹೆಸರಾಂತ ಗಾಯಕ ಸ್ಟೀವಿ ವಂಡರ್ ಹಾಡಬೇಕಿತ್ತು. ಅವರ ಎಲೆಕ್ಟ್ರಾನಿಕ್ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿ, ಅವರು ವೇದಿಕೆ ಏರದೆ ಹೊರಟುಬಿಟ್ಟರು. ಖಾಲಿ ಹೊತ್ತು ತುಂಬಿಸಲು, ಆಗಲೇ ಹಾಡಿ ಇಳಿದಿದ್ದ ಈ ಹೊಸ ಹುಡುಗಿಯನ್ನು ಮತ್ತೆ ಕರೆದರು. ಒಂದು ಗಿಟಾರ್ ಹಿಡಿದು ಬಂದು ‘ಫಾಸ್ಟ್ ಕಾರ್’ ಹಾಡಿದಳು. ಮೈದಾನದಲ್ಲಿದ್ದವರು ಮಾತ್ರ ಅಲ್ಲ, ಟಿವಿ ಮುಂದಿದ್ದ ಕೋಟಿಗಟ್ಟಲೆ ಜನ ಕೇಳಿದರು. ಅದೇ ಹಾಡನ್ನು 2023ರಲ್ಲಿ ಲ್ಯೂಕ್ ಕೋಂಬ್ಸ್ ಎಂಬ ಗಾಯಕ ಮತ್ತೆ ಹಾಡಿದ. ಆಗ ಅಮೆರಿಕದ ಕಂಟ್ರಿ (ಹಳ್ಳಿಗಾಡಿನ ಬೇರಿನ) ಸಂಗೀತದವರು ಆ ವರ್ಷದ ಹಾಡಿನ ಪ್ರಶಸ್ತಿಯನ್ನು ಬರೆದವಳಿಗೆ ಕೊಟ್ಟರು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವರ್ಣೀಯರು ಅವಳೇ. ಹಾಡಿದವನು ಬೇರೆ, ಪ್ರಶಸ್ತಿ ಬಂದದ್ದು ಪೆನ್ನು ಹಿಡಿದವಳಿಗೆ. ನನಗೆ ಇದು ಬಹಳ ಹಿಡಿಸಿತು.

ಹಾಡು ಯಾರು ಬರೆದರೇನು, ಕೇಳಲು ಇಂಪಾಗಿದ್ದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಎಸ್. ಜಾನಕಿಯಮ್ಮನ ದನಿಗೆ ನಾನೂ ಸೋತವಳೇ. ಆದರೆ ಅವರ ಬಾಯಲ್ಲಿ ಬಂದ ಹೆಣ್ಣಿನ ಆಸೆ, ನಾಚಿಕೆ, ಸಿಟ್ಟು ಬಹುಪಾಲು ಗಂಡಸರು ಊಹಿಸಿ ಬರೆದದ್ದು. ಊಹೆ ಎಷ್ಟೇ ಚೆಂದ ಇರಲಿ, ಊಹೆಯೇ ಅಲ್ವಾ?

ಇದನ್ನು ಪರೀಕ್ಷೆ ಮಾಡಿ ನೋಡಬೇಕಿದ್ದರೆ ಕ್ಯಾರೋಲ್ ಕಿಂಗ್ ಅವರ ‘ಟ್ಯಾಪೆಸ್ಟ್ರಿ’ ಕೇಳಿ. 1971ರ ಆಲ್ಬಂ. ಈಕೆ ಹದಿಹರೆಯದಿಂದಲೇ ಬೇರೆಯವರಿಗೆ ರಾಗ ಹಾಕಿಕೊಡುತ್ತಿದ್ದವಳು. ಮಾತು ಗಂಡ ಜೆರಿ ಗಾಫಿನ್‌ದು, ರಾಗ ಇವಳದು. ನಾಳೆಯೂ ನಿನ್ನ ಪ್ರೀತಿ ಇರುತ್ತದಾ ಅಂತ ಕೇಳುವ ಇವರ ‘ವಿಲ್ ಯು ಲವ್ ಮಿ ಟುಮಾರೊ’ ಹಾಡನ್ನು ‘ದ ಶಿರೆಲ್ಸ್’ ಎಂಬ ಹುಡುಗಿಯರ ತಂಡ 1960ರಲ್ಲಿ ಹಾಡಿ ಅಮೆರಿಕದಲ್ಲೇ ಮೊದಲ ಸ್ಥಾನಕ್ಕೆ ಒಯ್ದಿತು. ಅದು ಚುರುಕಾಗಿ ನಡೆಯುವ, ಹದಿನಾರರ ಹಾಡು. ಆಮೇಲೆ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಈಕೆ ನ್ಯೂಯಾರ್ಕ್ ಕಡೆಯಿಂದ ಲಾಸ್ ಏಂಜಲೀಸಿಗೆ ಬಂದಳು. ಹತ್ತು ವರ್ಷ ಕಳೆದು ಅದೇ ಹಾಡನ್ನು ಪಿಯಾನೋ ಮುಂದೆ ಕೂತು ನಿಧಾನವಾಗಿ ತಾನೇ ಹಾಡಿದಳು. ಪ್ರಶ್ನೆ ಅದೇ. ಉತ್ತರ ಗೊತ್ತಿರುವವಳು ಕೇಳುತ್ತಿದ್ದಾಳೆ ಅಷ್ಟೇ. ಎರಡನ್ನೂ ಬೆನ್ನು ಬೆನ್ನಿಗೆ ಹಾಕಿ ಕೇಳಿ.

ಮಾತು ಬರೆದವನು ಗಂಡಸೇ ಅಲ್ಲವೇ ಅಂತ ನೀವು ಹಿಡಿದುಕೊಳ್ಳಬಹುದು. ಹೌದು. ಅದಕ್ಕೆ ಅದೇ ಆಲ್ಬಂನ ‘ಇಟ್ಸ್ ಟೂ ಲೇಟ್’ ಇದೆ. ಅದರ ಮಾತು ಟೋನಿ ಸ್ಟರ್ನ್ ಎಂಬ ಇನ್ನೊಬ್ಬ ಹೆಂಗಸಿನದು. ಸಂಬಂಧ ಮುಗಿದಿದೆ ಅಂತ ಹೆಣ್ಣೇ ಮೊದಲು ಹೇಳುವ ಹಾಡು, ಅದೂ ಬೈಗುಳವಿಲ್ಲದೆ. ‘ಟ್ಯಾಪೆಸ್ಟ್ರಿ’ 15 ವಾರ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು, ನಾಲ್ಕು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. ಅದೆಲ್ಲ ಇರಲಿ. ನನಗೆ ಅದರ ಮುಖಪುಟವೇ ಸಾಕು. ಕಿಟಕಿ ಪಕ್ಕ ಬರಿಗಾಲಲ್ಲಿ, ಜೀನ್ಸ್ ಹಾಕಿಕೊಂಡು ಕೂತಿದ್ದಾಳೆ. ಕೈಯಲ್ಲಿ ತಾನೇ ಹೊಲಿದ ಕಸೂತಿ ಬಟ್ಟೆ. ಮುಂದೆ ಒಂದು ಬೆಕ್ಕು. ಜೀನ್ಸಿನ ಮೊಣಕಾಲಿನ ಬಳಿ ಬಣ್ಣ ಹೇಗೆ ಹೋಗಿದೆ ಅಂತ ನೋಡುವುದು ನನ್ನ ಕಸುಬಿನ ಚಾಳಿ, ಬಿಡಿ.

ಅದೇ ವರ್ಷ, ಅದೇ ಸ್ಟುಡಿಯೋದ ಇನ್ನೊಂದು ಕೋಣೆಯಲ್ಲಿ ಜೋನಿ ಮಿಚೆಲ್ ‘ಬ್ಲೂ’ ರೆಕಾರ್ಡ್ ಮಾಡುತ್ತಿದ್ದಳು. ಕಿಂಗ್ ಹಾಡಿಗೆ ಹಿನ್ನೆಲೆ ದನಿಯನ್ನೂ ಕೊಟ್ಟಳು. ಮೇಲೆ ಹೇಳಿದ ಆ ಪ್ರಶ್ನೆಯ ಹಾಡಿನಲ್ಲೇ ಜೋನಿ ಕೇಳಿಸುತ್ತಾಳೆ. ಕೆನಡಾದ ಈಕೆಗೆ ಒಂಬತ್ತನೇ ವಯಸ್ಸಿಗೆ ಪೋಲಿಯೋ ಬಂದಿತ್ತು. ಎಡಗೈ ಬಲ ಕಡಿಮೆಯಾಯಿತು. ಎಲ್ಲರಂತೆ ಗಿಟಾರ್ ತಂತಿ ಒತ್ತುವುದು ಕಷ್ಟ. ಅದಕ್ಕೆ ತಂತಿಗಳ ಶ್ರುತಿಯನ್ನೇ ತನಗೆ ಬೇಕಾದ ಹಾಗೆ ಬದಲಿಸಿಕೊಂಡಳು. ಹಾಗಾಗಿ ಅವಳ ಗಿಟಾರ್ ಇನ್ನೊಬ್ಬರದರಂತೆ ಕೇಳುವುದಿಲ್ಲ. ‘ಲಿಟಲ್ ಗ್ರೀನ್’ ಹಾಡು ಬಂದಾಗ ಅದು ಯಾರ ಬಗ್ಗೆ ಅಂತ ಜನಕ್ಕೆ ಗೊತ್ತಿರಲಿಲ್ಲ. ಹೆತ್ತ ಮಗಳನ್ನು ಕೈಯಲ್ಲಿ ಕಾಸಿಲ್ಲದೆ ದತ್ತು ಕೊಟ್ಟ ತಾಯಿ ಬರೆದದ್ದು ಅಂತ ಮುಂದೆ ತಿಳಿಯಿತು. ತಾಯಿ ಮಗಳು ಮತ್ತೆ ಸಿಕ್ಕಿದ್ದು 1997ರಲ್ಲಿ. ಒಂದು ಎಚ್ಚರಿಕೆ: ‘ಬ್ಲೂ’ ಕೆಲಸದ ನಡುವೆ ಕೇಳುವ ಆಲ್ಬಂ ಅಲ್ಲ. ನಾನು ರಾತ್ರಿ ಮಾಳಿಗೆ ಮೇಲೆ, ಸೆಕೆ ಸ್ವಲ್ಪ ಇಳಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ.

ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡವರೆಲ್ಲ ಅಮೆರಿಕದ ಗಾಯಕಿ ಸುಜಾನ್ ವೇಗಾ ಅವರಿಗೆ ಒಂದು ನಮಸ್ಕಾರ ಹೇಳಬೇಕು. ಹಾಡನ್ನು ಕುಗ್ಗಿಸಿ ಸಣ್ಣ ಫೈಲ್ ಮಾಡುವ ಎಂಪಿ3 ಕಂಡುಹಿಡಿಯುವಾಗ ಜರ್ಮನಿಯ ಎಂಜಿನಿಯರ್ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಪರೀಕ್ಷೆಗೆ ಬಳಸಿದ್ದು ಇವರ ‘ಟಾಮ್ಸ್ ಡೈನರ್’. ವಾದ್ಯವಿಲ್ಲದ ಬರೀ ದನಿ. ಹಾಡನ್ನು ಕುಗ್ಗಿಸಿದಾಗ ಆ ದನಿ ಕೆಡುತ್ತಿತ್ತು. ಕೆಡದ ಹಾಗೆ ಆಗುವ ತನಕ ಅವರು ಅದನ್ನೇ ಮತ್ತೆ ಮತ್ತೆ ಕೇಳಿ ತಿದ್ದಿದರು. ಆ ಹಾಡು 1987ರ ‘ಸಾಲಿಟ್ಯೂಡ್ ಸ್ಟ್ಯಾಂಡಿಂಗ್’ ಆಲ್ಬಂನ ಮೊದಲನೆಯದು. ಎರಡನೆಯದು ‘ಲೂಕಾ’, ಮನೆಯಲ್ಲಿ ಏಟು ತಿನ್ನುವ ಮಗುವಿನ ಮಾತು. ರಾಗ ಹಗುರ. ಅರ್ಥ ತಿಳಿಯದೆ ತಲೆದೂಗಿದವರು ತಿಳಿದ ಮೇಲೆ ಸುಮ್ಮನಾಗುತ್ತಾರೆ.

ಇಂಗ್ಲಿಷೇ ಬೇಡ ಅನ್ನುವವರಿಗೆ ಚಿಲಿ ದೇಶದ ವಿಯೊಲೆಟಾ ಪಾರ್ರಾ. ಸ್ಪ್ಯಾನಿಷ್ ಹಾಡುಗಳು, 1966ರ ಆಲ್ಬಂ, ಅವರು ಬದುಕಿದ್ದಾಗ ಬಂದ ಕೊನೆಯದು. ‘ಗ್ರಾಸಿಯಾಸ್ ಎ ಲಾ ವಿದಾ’ ಅದರಲ್ಲೇ ಇದೆ. ಬದುಕಿಗೆ ಧನ್ಯವಾದ ಹೇಳುವ ಹಾಡು. ಮರುವರ್ಷವೇ ಅವರು ತಮ್ಮ ಜೀವ ತೆಗೆದುಕೊಂಡರು. ಈ ಎರಡನ್ನು ಜೋಡಿಸಿ ನೋಡಲು ನನಗೆ ಈಗಲೂ ಆಗುವುದಿಲ್ಲ. ಈಕೆ ಹಳ್ಳಿ ಹಳ್ಳಿ ಸುತ್ತಿ ಮುದುಕ ಮುದುಕಿಯರಿಂದ ಹಳೆಯ ಹಾಡು ಬರೆದುಕೊಂಡವರು. ಕಾಯಿಲೆಯಾಗಿ ಹಾಸಿಗೆ ಹಿಡಿದಾಗ ಗೋಣಿಬಟ್ಟೆ ಮೇಲೆ ಉಣ್ಣೆ ದಾರದಲ್ಲಿ ಚಿತ್ರ ಹೊಲಿಯಲು ಶುರುಮಾಡಿದರು. ಆ ಹೊಲಿಗೆಯೇ 1964ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯ ಮ್ಯೂಸಿಯಂನಲ್ಲಿ ಪ್ರದರ್ಶನವಾಯಿತು. ನಮ್ಮ ಯೂನಿಟ್ಟಿನಲ್ಲಿ ಇದನ್ನು ಹೇಳಿದ ದಿನ ಎಲ್ಲರೂ ಮೊಬೈಲಿನಲ್ಲಿ ಆ ಚಿತ್ರಗಳನ್ನು ನೋಡಿದ್ದೇ ನೋಡಿದ್ದು. ಹೊಲಿಗೆ ಅಷ್ಟೇನೂ ಸಾಪಾಗಿಲ್ಲ ಅಂತ ಒಬ್ಬಳು ತೀರ್ಪನ್ನೂ ಕೊಟ್ಟಳು.

ಕೇಟ್ ಬುಶ್ ನನಗಿಷ್ಟ. 1978ರಲ್ಲಿ, ಇನ್ನೂ 19 ವರ್ಷದವಳು, ತಾನೇ ಬರೆದ ಹಾಡಿನಿಂದ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿದ ಮೊದಲ ಹೆಣ್ಣು. ಆದರೆ ಆ ಎತ್ತರದ ದನಿಗೆ ಕಿವಿ ಹೊಂದಲು ಹೊತ್ತು ಬೇಕು. ಅಲ್ಲಿಂದ ಶುರುಮಾಡಬೇಡಿ.

ಕಾಲೇಜು ಹುಡುಗಿಯರಿಗೆ ಟೇಲರ್ ಸ್ವಿಫ್ಟ್ ಬಗ್ಗೆ ನಾನೇನು ಹೇಳುವುದು, ಅವರೇ ನನಗೆ ಹೇಳುತ್ತಾರೆ. ಲಾಕ್‌ಡೌನಿನಲ್ಲಿ ಮಾಡಿದ ‘ಫೋಕ್‌ಲೋರ್’ ಮಾತ್ರ ದೊಡ್ಡವರೂ ಕೇಳಲಿ. ಅದಕ್ಕಿಂತ ನನಗೆ ಅರ್ಥವಾದದ್ದು ಅವಳ ಜಗಳ. ಅವಳ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣದ ಹಕ್ಕು ಕಂಪನಿಯ ಕೈಯಲ್ಲಿತ್ತು. 2019ರಲ್ಲಿ ಅದು ಇನ್ನೊಬ್ಬರಿಗೆ ಮಾರಾಟವಾಯಿತು. ಆಗ ಹಳೆಯ ಆಲ್ಬಂಗಳನ್ನು ಒಂದೊಂದಾಗಿ ಮತ್ತೆ ಹಾಡಿ ತನ್ನ ಹೆಸರಲ್ಲಿ ಬಿಡುಗಡೆ ಮಾಡತೊಡಗಿದಳು. ಕೊನೆಗೆ 2025ರಲ್ಲಿ ಮೂಲವನ್ನೂ ಕೊಂಡುಕೊಂಡಳು. ಹೊಲಿದವರು ನಾವು, ಸೊಂಟದ ಲೇಬಲ್ ಇನ್ನೊಬ್ಬರದು ಅಂತ ದಿನಾ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ಹೊರಗಿನವರ ಶೋಕಿ ಅಂತ ಯಾರೂ ಮೂಗು ಮುರಿಯಬೇಡಿ. ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ಭೀಮವ್ವ 19ನೇ ಶತಮಾನದಲ್ಲೇ ಹಾಡು ಕಟ್ಟಿದವರು. ಕೊನೆಗೆ ‘ಭೀಮೇಶಕೃಷ್ಣ’ ಅಂತ ಅಂಕಿತ ಬಂದರೆ ಅದು ಅವರದೇ. ಪುಸ್ತಕ ನೋಡದ ಅಜ್ಜಿಯರಿಗೂ ಹಾಡು ಯಾರದು ಅಂತ ಗೊತ್ತಿರುತ್ತಿತ್ತು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಓದು ಬರಹವಿಲ್ಲದೆ ಸಾವಿರಾರು ಸಾಲುಗಳ ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅವರು ಹಾಡಿದ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಾಗ ನಿಮ್ಮ ಪತ್ರಿಕೆಯಲ್ಲೂ ಫೋಟೊ ನೋಡಿದೆ. ಫೋಟೊ ನೋಡಿದವರಲ್ಲಿ ಅವರ ಹಾಡು ಕೇಳಿದವರು ಎಷ್ಟು ಜನ?

ಕೇಳುವ ಬಗ್ಗೆ ಎರಡು ಮಾತು. ಆ್ಯಪಿನಲ್ಲಿ ಶಫಲ್ ಆಫ್ ಮಾಡಿ, ಮೊದಲ ಹಾಡಿನಿಂದ ಕೊನೆಯವರೆಗೆ ಅವರು ಜೋಡಿಸಿದ ಹಾಗೆಯೇ ಕೇಳಿ. ಟ್ರೇಸಿಯ ನಾಲ್ಕನೆಯ ಹಾಡು ಬಿಡಿಯಾಗಿ ಬಂದರೆ ಆ ಹೊಡೆತ ಇರುವುದಿಲ್ಲ. ಎರಡನೆಯ ಸಲ ಕೇಳುವಾಗ ಹಾಡಿನ ಮಾತನ್ನು ಮೊಬೈಲಿನಲ್ಲಿ ತೆರೆದು ಓದಿಕೊಳ್ಳಿ. ವಾರಕ್ಕೆ ಒಂದು ಆಲ್ಬಂ ಸಾಕು.

ಇನ್ನು ನಿಮ್ಮಲ್ಲಿ ಕೇಳಿಕೊಳ್ಳುವುದು. ಪುರವಣಿಯಲ್ಲಿ ಯಾವುದೇ ಹಾಡಿನ ಬಗ್ಗೆ ಬರೆದರೂ ಬರೆದವರು ಯಾರು, ರಾಗ ಯಾರದು, ಹಾಡಿದವರು ಯಾರು, ಮೂರೂ ಹೆಸರು ಹಾಕಿ. ಕನ್ನಡದಲ್ಲಿ ತಾವೇ ಬರೆದು ತಾವೇ ಹಾಡುವ ಹೆಣ್ಣುಮಕ್ಕಳನ್ನು ಹುಡುಕಿ, ಒಬ್ಬೊಬ್ಬರ ಬಗ್ಗೆ ಬರೆಸಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ತಮಗೆ ಗೊತ್ತಿರುವವರ ಹೆಸರು ಇದೇ ಅಂಕಣಕ್ಕೆ ಕಳಿಸಲಿ. ಜಾಗ ಇಲ್ಲ ಅಂತ ಮಾತ್ರ ಹೇಳಬೇಡಿ, ವಾರಭವಿಷ್ಯಕ್ಕೆ ಅರ್ಧ ಪುಟ ಕೊಡುತ್ತೀರಿ.

— ಜೀನ್ಸ್ ಯೂನಿಟ್ ನಡೆಸುವ ಓದುಗಿ, ಕೌಲ್ ಬಜಾರ್, ಬಳ್ಳಾರಿ